ಮೊದಲು ಔಟಾಗುವ ಮಗು

ಸಂಗೀತ ಕುರ್ಚಿ, ಕೆರೆ-ದಡ, ಚೆಂಡಿನಲ್ಲಿ ಹೊಡೆದು ಔಟ್ ಮಾಡುವ ಆಟ. ಪ್ರಾಥಮಿಕ ಶಾಲೆಯ ಆಟದ ಪಿರಿಯಡ್ಡಿನಲ್ಲಿ ಮತ್ತೆ ಮತ್ತೆ ಆಡಿಸುವ ಇವಕ್ಕೆಲ್ಲ ನಿಯಮ ಒಂದೇ: ತಪ್ಪಿದವರು ಹೊರಗೆ ಹೋಗಬೇಕು, ಕೊನೆಗೆ ಉಳಿದವರು ಗೆದ್ದ ಹಾಗೆ. 40 ಮಕ್ಕಳ ತರಗತಿಯಲ್ಲಿ ಅರ್ಧ ನಿಮಿಷಕ್ಕೊಬ್ಬರಂತೆ ಔಟಾಗುತ್ತಾ ಹೋದರೆ ಆಟ ಮುಗಿಯಲು ಸುಮಾರು 20 ನಿಮಿಷ ಹಿಡಿಯುತ್ತದೆ. ಎಲ್ಲರಿಗಿಂತ ಮೊದಲು ಔಟಾದ ಮಗುವಿನ ಪಾಲಿಗೆ ಬಂದದ್ದು ಅರ್ಧ ನಿಮಿಷದ ಆಟ. ಮಿಕ್ಕ 19 ನಿಮಿಷ ಗೋಡೆಗೊರಗಿ ನೋಡುವ ಕೆಲಸ. ಆ ಮಗು ಯಾವುದೆಂದು ಊಹಿಸುವುದು ಕಷ್ಟವಲ್ಲ. ಓಟದಲ್ಲಿ ನಿಧಾನವಾದದ್ದು, ಸಮತೋಲ ಇನ್ನೂ ಕುದುರದ್ದು, ಚೆಂಡು ಬಂದರೆ ಕಣ್ಣು ಮುಚ್ಚಿಕೊಳ್ಳುವಂಥದ್ದು. ವಾರದಿಂದ ವಾರಕ್ಕೆ ಹೆಚ್ಚುಕಡಿಮೆ ಅದೇ ಐದಾರು ಮಕ್ಕಳು. ಅಂದರೆ ಅಭ್ಯಾಸ ಯಾರಿಗೆ ಎಲ್ಲರಿಗಿಂತ ಹೆಚ್ಚು ಬೇಕೋ ಅವರಿಗೇ ಎಲ್ಲರಿಗಿಂತ ಕಡಿಮೆ ಸಿಗುವಂತೆ ಆ ಪಿರಿಯಡ್ಡು ಏರ್ಪಾಡಾಗಿದೆ. ಓದುವಾಗ ತಡವರಿಸಿದ ಮಗುವಿನ ಕೈಯಿಂದ ಪುಸ್ತಕ ಕಿತ್ತುಕೊಂಡು, ಚೆನ್ನಾಗಿ ಓದುವವರಿಗಷ್ಟೇ ಪಾಠ ಮುಂದುವರಿಸುವ ಕನ್ನಡ ಶಿಕ್ಷಕರನ್ನು ಯಾವ ಊರಿನವರೂ ಒಪ್ಪಲಾರರು. ಮೈದಾನದಲ್ಲಿ ಮಾತ್ರ ಅದು ಯಾರಿಗೂ ವಿಚಿತ್ರವೆನಿಸುವುದಿಲ್ಲ. ವರ್ಷ ಕಳೆದ ಮೇಲೆ ಆ ಮಗುವಿಗೆ ‘ಆಟದಲ್ಲಿ ಆಸಕ್ತಿಯಿಲ್ಲ’ ಎಂಬ ಷರಾ ಬೀಳುತ್ತದೆ.

ಈ ಅಧ್ಯಾಯದಲ್ಲಿ ನಾನು ಹೇಳಹೊರಟಿರುವುದು ಆ ಷರಾ ತಪ್ಪೆಂದು. ಸೋಮಾರಿತನದಿಂದ ಕುಳಿತ ಮಕ್ಕಳು ಕಡಿಮೆ, ಕೂರಿಸಲ್ಪಟ್ಟವರೇ ಹೆಚ್ಚು. ಆಟದ ಸಂತೋಷ ಹುಟ್ಟುವುದು ತನ್ನ ಮೈ ತನ್ನ ಮಾತು ಕೇಳುತ್ತಿದೆ ಎಂಬ ಅನುಭವದಿಂದ, ನಿನ್ನೆ ಆಗದಿದ್ದದ್ದು ಇವತ್ತು ಆಯಿತು ಎಂಬ ಅರಿವಿನಿಂದ. ಉಪದೇಶದಿಂದ, ಬಹುಮಾನದಿಂದ, ‘ಎದ್ದು ಓಡು’ ಎಂಬ ಗದರಿಕೆಯಿಂದ ಅದು ಹುಟ್ಟದು. ಆದ್ದರಿಂದ ಹಿಂಜರಿಯುವ ಮಗುವಿನ ಮನಸ್ಸನ್ನು ತಿದ್ದುವ ಮೊದಲು ಅದರ ಮುಂದಿಟ್ಟ ಆಟವನ್ನು ತಿದ್ದಬೇಕು.

ವಿಷಯ ಸಣ್ಣದಲ್ಲ. 5ರಿಂದ 17 ವರ್ಷದ ಮಕ್ಕಳು ದಿನಕ್ಕೆ ಸರಾಸರಿ 60 ನಿಮಿಷವಾದರೂ ಏದುಸಿರು ಬರುವಷ್ಟು ಓಡಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ ಹೇಳುತ್ತದೆ. ಅದೇ ಸಂಸ್ಥೆಯ ಸಂಶೋಧಕರು 146 ದೇಶಗಳ ಸಮೀಕ್ಷೆಗಳನ್ನು ಒಟ್ಟುಗೂಡಿಸಿ ನೋಡಿದಾಗ, 2016ರ ಲೆಕ್ಕದಂತೆ 11ರಿಂದ 17 ವರ್ಷದವರಲ್ಲಿ ನೂರಕ್ಕೆ 81 ಮಂದಿ ಈ ಮಟ್ಟ ಮುಟ್ಟುತ್ತಿರಲಿಲ್ಲ. ಹುಡುಗಿಯರಲ್ಲಿ ಅದು ನೂರಕ್ಕೆ 85. ಭಾರತದ ಸಂಖ್ಯೆ ಸುಮಾರು 74. ಜಗತ್ತಿನ ಸರಾಸರಿಗಿಂತ ಮೇಲೆನಿಸಿದರೂ ನಾಲ್ವರಲ್ಲಿ ಮೂವರು ಎಂದರೆ ಸಮಾಧಾನ ಪಡುವಂಥದ್ದೇನೂ ಅಲ್ಲ. ಇವು ಹದಿಹರೆಯದವರ ಅಂಕಿಗಳು. ಆದರೆ ಹದಿಮೂರರ ಹುಡುಗಿ ಮೈದಾನದಿಂದ ಹಿಂದೆ ಸರಿಯುವ ನಿರ್ಧಾರ ಹದಿಮೂರನೆಯ ವರ್ಷದಲ್ಲಿ ಮೂಡಿದ್ದಲ್ಲ. ಅದರ ಬೇರು ಎರಡನೆಯ, ಮೂರನೆಯ, ನಾಲ್ಕನೆಯ ತರಗತಿಯಲ್ಲಿದೆ.

ಬೇರು ಅಲ್ಲೇ ಇದೆ ಎನ್ನಲು ಕಾರಣವಿದೆ. ಓಡುವುದು, ನೆಗೆಯುವುದು, ಕುಂಟುವುದು, ಎಸೆಯುವುದು, ಹಿಡಿಯುವುದು, ಒದೆಯುವುದು ಇವು ವಯಸ್ಸಾದಂತೆ ತಾನಾಗಿ ಬರುತ್ತವೆಂದು ನಾವು ನಂಬಿದ್ದೇವೆ. ಅವುಗಳ ಒರಟು ರೂಪ ತಾನಾಗಿ ಬರುವುದು ನಿಜ. ಪಕ್ವ ರೂಪ ಅಭ್ಯಾಸವಿಲ್ಲದೆ ಬರುವುದಿಲ್ಲ. ಚೆಂಡೆಸೆಯುವಾಗ ಎದುರು ಕಾಲನ್ನು ಮುಂದಿಟ್ಟು ಸೊಂಟ ತಿರುಗಿಸುವುದನ್ನು ಕಲಿಯದೆ ಬರೀ ಮೊಣಕೈಯಿಂದಲೇ ಎಸೆಯುವ ದೊಡ್ಡವರು ಎಷ್ಟೋ ಮಂದಿ ಇದ್ದಾರೆ. ಈ ಮೂಲ ಕೌಶಲಗಳು ಒಂದು ಮಟ್ಟಕ್ಕೆ ಬಾರದಿದ್ದರೆ ಮುಂದಿನ ಆಟಗಳ ಬಾಗಿಲೇ ತೆರೆಯುವುದಿಲ್ಲವೆಂದು ಅಮೆರಿಕದ ವರ್ನ್ ಸೀಫೆಲ್ಟ್ 1980ರಲ್ಲೇ ವಾದಿಸಿದ್ದರು. 2008ರಲ್ಲಿ ಡೇವಿಡ್ ಸ್ಟಾಡನ್ ಮತ್ತು ಸಂಗಡಿಗರು ಅದನ್ನು ಇನ್ನೊಂದು ಹೆಜ್ಜೆ ಮುಂದಕ್ಕೊಯ್ದರು. ಕೌಶಲವಿದ್ದ ಮಗು ಆಡುತ್ತದೆ, ಆಡಿದ್ದರಿಂದ ಕೌಶಲ ಬೆಳೆಯುತ್ತದೆ, ‘ನನಗೆ ಬರುತ್ತದೆ’ ಎಂಬ ನಂಬಿಕೆ ಬಲಿಯುತ್ತದೆ, ಅದು ಮತ್ತಷ್ಟು ಆಡಿಸುತ್ತದೆ. ಕೌಶಲವಿಲ್ಲದ ಮಗುವಿನಲ್ಲಿ ಇದೇ ಸುರುಳಿ ಕೆಳಮುಖವಾಗಿ ಸುತ್ತುತ್ತದೆ. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್‌ನಲ್ಲಿ 2000ದಲ್ಲಿ ಪ್ರಾಥಮಿಕ ಶಾಲೆಯ ಮಕ್ಕಳ ಕೌಶಲಗಳನ್ನು ಅಳೆದು, ಆರೇಳು ವರ್ಷದ ನಂತರ ಅವರನ್ನೇ ಮತ್ತೆ ಹುಡುಕಿ ವಿಚಾರಿಸಿದಾಗ, ಬಾಲ್ಯದಲ್ಲಿ ಚೆಂಡನ್ನು ಎಸೆಯುವ, ಹಿಡಿಯುವ, ಒದೆಯುವ ಕೌಶಲ ಚೆನ್ನಾಗಿದ್ದವರು ಹದಿಹರೆಯದಲ್ಲೂ ಹೆಚ್ಚು ಚಟುವಟಿಕೆಯಿಂದಿದ್ದರು. ಒಂದು ಇನ್ನೊಂದಕ್ಕೆ ಕಾರಣವೆಂದು ಇಂಥ ಅಧ್ಯಯನವೊಂದರಿಂದಲೇ ಸಾಧಿಸಲಾಗದು. ಆದರೂ ಸುರುಳಿಯ ವಿವರಣೆಗೆ ಅದು ಸರಿಯಾಗಿ ಹೊಂದುತ್ತದೆ.

ಇದರ ಜೊತೆಗೆ ವಯಸ್ಸಿನದೊಂದು ವಿಶೇಷವಿದೆ; ಶಿಕ್ಷಕರು ಇದನ್ನು ಮನಸ್ಸಿಟ್ಟು ಗಮನಿಸಬೇಕೆಂದು ನನ್ನ ಆಸೆ. ಆರು ವರ್ಷದ ಮಕ್ಕಳನ್ನು ‘ತರಗತಿಯಲ್ಲಿ ಎಲ್ಲರಿಗಿಂತ ಜೋರಾಗಿ ಓಡುವವರು ಯಾರು?’ ಎಂದು ಕೇಳಿದರೆ ಬಹಳಷ್ಟು ಕೈಗಳು ಮೇಲೇಳುತ್ತವೆ. ಅವರು ಸುಳ್ಳು ಹೇಳುತ್ತಿಲ್ಲ. ಮಕ್ಕಳ ಆತ್ಮಗ್ರಹಿಕೆಯನ್ನು ಬಹುಕಾಲ ಅಧ್ಯಯನ ಮಾಡಿದ ಸೂಸನ್ ಹಾರ್ಟರ್ ತೋರಿಸಿದಂತೆ, ಚಿಕ್ಕ ಮಕ್ಕಳು ತಮ್ಮ ಸಾಮರ್ಥ್ಯವನ್ನು ಇರುವುದಕ್ಕಿಂತ ಹೆಚ್ಚೆಂದೇ ಭಾವಿಸುತ್ತಾರೆ. ಕಷ್ಟಪಟ್ಟದ್ದಕ್ಕೂ ಸಾಮರ್ಥ್ಯಕ್ಕೂ ಇರುವ ಭೇದ ಅವರಿಗಿನ್ನೂ ಸ್ಪಷ್ಟವಿಲ್ಲ. ತುಂಬ ಪ್ರಯತ್ನಿಸಿದೆ, ಆದ್ದರಿಂದ ತುಂಬ ಚೆನ್ನಾಗಿ ಮಾಡಿದೆ ಎಂಬುದು ಅವರ ತರ್ಕ. ಎಂಟರ ಆಸುಪಾಸಿನಲ್ಲಿ ಹೋಲಿಕೆ ಶುರುವಾಗುತ್ತದೆ. ಹತ್ತು ಹನ್ನೊಂದರ ಹೊತ್ತಿಗೆ ಮಗು ತಾನು ಎಲ್ಲಿ ನಿಂತಿದ್ದೇನೆಂದು ಸಾಕಷ್ಟು ನಿಖರವಾಗಿ ಬಲ್ಲದು. ಒಂದನೆಯ ತರಗತಿಯಲ್ಲಿ ಕೈಲಾಗದಿದ್ದರೂ ನಗುನಗುತ್ತಾ ಓಡುತ್ತಿದ್ದ ಮಗು ನಾಲ್ಕನೆಯ ತರಗತಿಯಲ್ಲಿ ಹೊಟ್ಟೆನೋವೆಂದು ಕೂರುವುದಕ್ಕೆ ಕಾರಣ ಇದು. ಪ್ರಕೃತಿ ಮೂರ್ನಾಲ್ಕು ವರ್ಷಗಳ ಅವಕಾಶವನ್ನು ಕೊಟ್ಟಿದೆ. ಸೋಲು ಮನಸ್ಸಿಗೆ ತಾಗದ ಆ ವರ್ಷಗಳಲ್ಲಿ ಮಗು ಸಾವಿರಾರು ಸಲ ಎಸೆದು, ಬೀಳಿಸಿ, ಮತ್ತೆ ಎಸೆಯಬಹುದು. ಅದೇ ವರ್ಷಗಳನ್ನು ನಾವು ಔಟ್ ಮಾಡುವ ಆಟಗಳಲ್ಲಿ ಕಳೆದುಬಿಡುತ್ತೇವೆ. ಇಂಥ ಆಟಗಳ ಮೇಲಿನ ಆಕ್ಷೇಪ ಹೊಸದೂ ಅಲ್ಲ; ನೀಲ್ ವಿಲಿಯಮ್ಸ್ ಎಂಬ ಅಮೆರಿಕದ ದೈಹಿಕ ಶಿಕ್ಷಣ ಪ್ರಾಧ್ಯಾಪಕರು 1992ರಲ್ಲೇ ಶಾಲೆಗಳು ಕೈಬಿಡಬೇಕಾದ ಆಟಗಳ ಪಟ್ಟಿಯೊಂದನ್ನು ಪ್ರಕಟಿಸಿದರು. ಸಂಗೀತ ಕುರ್ಚಿ ಆ ಪಟ್ಟಿಯಲ್ಲಿತ್ತು.

ಔಟ್ ಮಾಡುವುದೊಂದೇ ತೊಡಕಲ್ಲ. ನಮ್ಮ ಶಾಲೆಗಳಲ್ಲಿ ಓಟವನ್ನು ಶಿಕ್ಷೆಯಾಗಿ ಬಳಸುವ ರೂಢಿ ಇನ್ನೂ ಹೋಗಿಲ್ಲ. ತಡವಾಗಿ ಬಂದರೆ ಮೈದಾನಕ್ಕೆ ಐದು ಸುತ್ತು, ಮಗ್ಗಿ ತಪ್ಪಿದರೆ ಬಸ್ಕಿ. ಹೀಗೆ ದಂಡವಾಗಿ ತೆತ್ತದ್ದನ್ನು ಮಗು ಸಂಜೆ ಸಂತೋಷಕ್ಕಾಗಿ ಮಾಡಲಿ ಎಂದು ಬಯಸುವುದು ಹೇಗೆ? ಶಿಕ್ಷೆಯಲ್ಲದಿದ್ದಾಗಲೂ ಒಂದೇ ವೇಗದ ದೀರ್ಘ ಓಟ ಚಿಕ್ಕ ಮಕ್ಕಳ ಮೈಗೆ ಒಗ್ಗುವಂಥದ್ದಲ್ಲ. 6ರಿಂದ 10 ವರ್ಷದ ಮಕ್ಕಳು ತಮ್ಮ ಪಾಡಿಗೆ ತಾವಿದ್ದಾಗ ಹೇಗೆ ಚಲಿಸುತ್ತಾರೆಂದು ಕ್ಷಣಕ್ಷಣವೂ ಗಮನಿಸಿದ 1995ರ ಅಮೆರಿಕದ ಅಧ್ಯಯನವೊಂದರಲ್ಲಿ, ಜೋರಾದ ಚಲನೆಯ ಒಂದು ಸರದಿ ಸಾಮಾನ್ಯವಾಗಿ ಉಳಿಯುತ್ತಿದ್ದದ್ದು ಬರೀ 3 ಸೆಕೆಂಡು. ನೂರಕ್ಕೆ 95 ಸರದಿಗಳು 15 ಸೆಕೆಂಡಿನೊಳಗೇ ಮುಗಿಯುತ್ತಿದ್ದವು. ಛಂಗನೆ ಓಡುವುದು, ನಿಲ್ಲುವುದು, ಬಗ್ಗುವುದು, ಮತ್ತೆ ಓಡುವುದು: ಮಗುವಿನ ಮೈ ಬರೆದುಕೊಂಡಿರುವ ವೇಳಾಪಟ್ಟಿ ಇದು. ಇನ್ನೊಂದು ಸಂಗತಿ ಉಸಿರಿಗೆ ಸಂಬಂಧಿಸಿದ್ದು. ಶ್ರಮ ಒಂದು ಮಿತಿ ದಾಟಿ ಮಾತಾಡಲಾಗದಷ್ಟು ಉಸಿರು ಕಟ್ಟಿದಾಗ ಹಿತವೆನಿಸುವುದು ನಿಂತು ಸಂಕಟ ಶುರುವಾಗುತ್ತದೆಂದು ಪ್ಯಾಂಟೆಲೆಯ್‌ಮನ್ ಎಕ್ಕೆಕಾಕಿಸ್ ಅವರ ಸಂಶೋಧನೆಗಳು ತೋರಿಸಿವೆ. ಅವು ಹೆಚ್ಚಾಗಿ ದೊಡ್ಡವರ ಮೇಲೆ ನಡೆದವು. ಆದರೂ ಮಿತಿ ಒಬ್ಬೊಬ್ಬರಿಗೆ ಒಂದೊಂದು ಎಂಬ ಮಾತು ಮಕ್ಕಳಿಗೂ ಸಲ್ಲುತ್ತದೆ. ಸಾಲಿನಲ್ಲಿ ಓಡುತ್ತಿರುವ 40 ಮಕ್ಕಳ ವೇಗ ಒಂದೇ ಆಗಿದ್ದರೆ, ಮುಂದಿರುವವನಿಗೆ ಅದು ಹಿತವಾದ ಓಟ, ಹಿಂದಿರುವವಳಿಗೆ ಎದೆ ಉರಿಯುವ ಹಿಂಸೆ. ಇಬ್ಬರೂ ಒಂದೇ ಕೆಲಸ ಮಾಡುತ್ತಿದ್ದಾರೆಂದು ದಡದಲ್ಲಿ ನಿಂತವರಿಗೆ ತೋರುತ್ತದೆ, ಅಷ್ಟೆ.

ಹಾಗಾದರೆ ಆಟವನ್ನು ತಿದ್ದುವುದು ಹೇಗೆ? ಈ ಪ್ರಶ್ನೆಗೆ ನಾನು ಕಂಡ ಅತ್ಯಂತ ಸುಂದರವಾದ ಉತ್ತರ ಒಂದು ಹಗ್ಗದಲ್ಲಿದೆ. ಎತ್ತರ ಜಿಗಿತ ಕಲಿಸಲು ಇಬ್ಬರು ಮಕ್ಕಳು ಹಗ್ಗವನ್ನು ನೆಲಕ್ಕೆ ಸಮವಾಗಿ ಹಿಡಿಯುತ್ತಾರೆ, ಎಲ್ಲರೂ ದಾಟುತ್ತಾರೆ, ಎತ್ತರ ಏರಿಸುತ್ತಾರೆ, ಕೆಲವರು ಔಟ್, ಮತ್ತೆ ಏರಿಸುತ್ತಾರೆ. ಕೊನೆಗೊಬ್ಬ ಉಳಿಯುತ್ತಾನೆ. ಅಮೆರಿಕದ ರಟ್ಗರ್ಸ್ ವಿಶ್ವವಿದ್ಯಾಲಯದಲ್ಲಿದ್ದ ಮಸ್ಕಾ ಮಾಸ್ಟನ್ ಹಗ್ಗದ ಒಂದು ತುದಿಯನ್ನು ನೆಲದ ಬಳಿಗೆ ಇಳಿಸಿ, ಇನ್ನೊಂದನ್ನು ಎದೆಯೆತ್ತರಕ್ಕೆ ಹಿಡಿಸಿದರು. ಹಗ್ಗ ಓರೆಯಾಯಿತು. ಈಗ ಎಲ್ಲಿಂದ ದಾಟಬೇಕೆಂಬುದನ್ನು ಮಗುವೇ ಆರಿಸಿಕೊಳ್ಳುತ್ತದೆ. ಯಾರೂ ಔಟಾಗುವುದಿಲ್ಲ, ಎಲ್ಲರಿಗೂ ಸರದಿ ಬರುತ್ತದೆ. ಕುತೂಹಲದ ಸಂಗತಿಯೆಂದರೆ ಮಕ್ಕಳು ತಗ್ಗಿನ ತುದಿಯಲ್ಲೇ ನಿಂತುಬಿಡುವುದಿಲ್ಲ. ಸುಲಭವಾದದ್ದನ್ನು ಒಂದೆರಡು ಸಲ ದಾಟಿದ ಮೇಲೆ ತಾವಾಗಿ ಎತ್ತರದ ಕಡೆಗೆ ಸರಿಯುತ್ತಾರೆ. ಸಾಮರ್ಥ್ಯದ ಅನುಭವ, ಆಯ್ಕೆಯ ಸ್ವಾತಂತ್ರ್ಯ, ಜೊತೆಗಾರರ ನಡುವೆ ತನಗೂ ಜಾಗವಿದೆ ಎಂಬ ಭಾವ, ಈ ಮೂರು ಸಿಕ್ಕಾಗ ಮನುಷ್ಯರು ಒಳಗಿನ ಪ್ರೇರಣೆಯಿಂದ ಕೆಲಸ ಮಾಡುತ್ತಾರೆಂದು ಎಡ್ವರ್ಡ್ ಡೆಸಿ ಮತ್ತು ರಿಚರ್ಡ್ ರಯಾನ್ ದಶಕಗಳಿಂದ ಹೇಳುತ್ತಾ ಬಂದಿದ್ದಾರೆ. ಓರೆ ಹಗ್ಗ ಮೂರನ್ನೂ ಒಂದೇ ಏಟಿಗೆ ಒದಗಿಸುತ್ತದೆ. ಅದಕ್ಕೆ ಬೇಕಾದದ್ದು ನೀರು ಸೇದುವ ಹಗ್ಗದ ಒಂದು ತುಂಡು.

ಇದೇ ಕಣ್ಣಿನಿಂದ ನಮ್ಮ ಆಟಗಳನ್ನೂ ನೋಡಬಹುದು. ಕುಂಟೆಬಿಲ್ಲೆ ಒಂಟಿಕಾಲಿನ ಸಮತೋಲಕ್ಕೂ ಬಿಲ್ಲೆಯ ಗುರಿಗೂ ಅಪೂರ್ವ ತಾಲೀಮು. ಆದರೆ ಅಂಗಳದಲ್ಲಿ ಒಂದೇ ಚೌಕ ಬರೆದು ಹತ್ತು ಮಕ್ಕಳನ್ನು ಸಾಲು ನಿಲ್ಲಿಸಿದರೆ ಒಂಬತ್ತು ಮಂದಿ ಕಾಯುತ್ತಾರೆ; ಒಂದು ಸುಣ್ಣದ ಉಂಡೆಯಿಂದ ಐದು ಕಡೆ ಬರೆದು, ಕೆಲವು ಮನೆಗಳನ್ನು ಚಿಕ್ಕದಾಗಿ, ಕೆಲವನ್ನು ದೊಡ್ಡದಾಗಿ ಮಾಡಿದರೆ ಕಾಯುವಿಕೆಯೂ ತಗ್ಗುತ್ತದೆ, ಆಯ್ಕೆಯೂ ಬರುತ್ತದೆ. ಲಗೋರಿಯಲ್ಲಿ ಬಿಲ್ಲೆಗೆ ಗುರಿಯಿಡುವ ಗೆರೆ ಒಂದೇ ಇರಬೇಕೆಂಬ ಕಟ್ಟುಪಾಡು ಯಾಕೆ? ಮೂರು ಗೆರೆ ಎಳೆದು ಎಲ್ಲಿಂದ ಬೇಕಾದರೂ ಎಸೆಯಲು ಬಿಡಬಹುದು. ಖೋ-ಖೋ ನನಗೆ ಬಹಳ ಇಷ್ಟದ ಆಟ. ಆದರೂ ಕಲಿಕೆಯ ದೃಷ್ಟಿಯಿಂದ ಅದರ ಲೆಕ್ಕ ಹಾಕಿ: ಬೆನ್ನಟ್ಟುವ ತಂಡದ 9 ಮಂದಿಯಲ್ಲಿ 8 ಮಂದಿ ಕುಳಿತಿರುತ್ತಾರೆ, ಓಡುವುದು ಒಬ್ಬರು; ಎದುರಾಳಿಗಳಲ್ಲಿ ಒಮ್ಮೆಗೆ ಕಣಕ್ಕಿಳಿಯುವುದು 3 ಮಂದಿ. ಚುರುಕಿನ ಆಟಗಾರ್ತಿಯರು ತಮ್ಮತಮ್ಮಲ್ಲೇ ಖೋ ಕೊಟ್ಟುಕೊಂಡರೆ ತುದಿಯಲ್ಲಿ ಕುಳಿತ ಹುಡುಗಿ ಆಟ ಮುಗಿಯುವ ತನಕ ಏಳದೇ ಇರಬಹುದು. ನಾಲ್ಕು ಮಂದಿಯ ಸಾಲುಗಳನ್ನು ಮಾಡಿ ಅಲ್ಲಲ್ಲಿ ಆಡಿಸಿದರೆ ಅದೇ ಆಟ ಬೇರೆಯದೇ ಆಗುತ್ತದೆ. ಮಕ್ಕಳೇ ಕಟ್ಟಿಕೊಂಡ ಬೀದಿ ಆಟಗಳಲ್ಲಿ ಇಂಥ ಜಾಣ್ಮೆ ಹಿಂದಿನಿಂದಲೂ ಇದೆ. ಅಣ್ಣಂದಿರ ಆಟಕ್ಕೆ ಬಂದ ಪುಟ್ಟ ತಮ್ಮನನ್ನು ‘ಆಟಕ್ಕುಂಟು ಲೆಕ್ಕಕ್ಕಿಲ್ಲ’ ಎಂದು ಸೇರಿಸಿಕೊಳ್ಳುತ್ತಿದ್ದರು. ಅವನು ಔಟಾದರೂ ಔಟಲ್ಲ, ಓಡಬಹುದು, ಹಿಡಿಯಬಹುದು. ಐದು ವರ್ಷದವನಿಗೆ ಅದು ವರ. ಆದರೆ ಒಂಬತ್ತು ವರ್ಷದವಳಿಗೆ ಅದೇ ರಿಯಾಯಿತಿ ಎಲ್ಲರೆದುರು ಕೊಟ್ಟರೆ ಅವಮಾನ. ಆ ವಯಸ್ಸಿಗೆ ರಿಯಾಯಿತಿ ಆಟದ ನಿಯಮದೊಳಗೇ ಅಡಗಿರಬೇಕು, ಎಲ್ಲರಿಗೂ ಅನ್ವಯಿಸಬೇಕು.

ಇಷ್ಟೆಲ್ಲ ಏರ್ಪಾಡು ಯಾಕೆ, ಮಕ್ಕಳನ್ನು ಬಯಲಿಗೆ ಬಿಟ್ಟರೆ ತಾವಾಗಿ ಆಡಿಕೊಳ್ಳುತ್ತಾರಲ್ಲ ಎಂಬ ಮಾತಿದೆ. ಸ್ವಚ್ಛಂದ ಆಟ ಬಾಲ್ಯದ ಹಕ್ಕು, ಅದನ್ನು ಮೊಟಕುಗೊಳಿಸಬಾರದು. ಆದರೆ ಅದೊಂದೇ ಸಾಲದು. ಮೂಲ ಕೌಶಲಗಳನ್ನು ಕಲಿಸುವ ಕಾರ್ಯಕ್ರಮಗಳನ್ನು ಕುರಿತ 11 ಅಧ್ಯಯನಗಳನ್ನು 2012ರಲ್ಲಿ ಒಟ್ಟಾಗಿ ವಿಶ್ಲೇಷಿಸಿದಾಗ, ಕ್ರಮವಾಗಿ ಕಲಿಸಿದ ಮಕ್ಕಳಲ್ಲಿ ಸ್ಪಷ್ಟ ಸುಧಾರಣೆ ಕಂಡಿತು. ಸುಮ್ಮನೆ ಆಡಲು ಬಿಟ್ಟ ಮಕ್ಕಳಲ್ಲಿ ಹೇಳಿಕೊಳ್ಳುವಂಥ ಬದಲಾವಣೆ ಇರಲಿಲ್ಲ. ಬಯಲಿಗೆ ಬಿಟ್ಟಾಗ ಆಡುವವರು ಈಗಾಗಲೇ ಆಡಬಲ್ಲವರು. ಅಂಗಳದ ನಡುಭಾಗ ದೊಡ್ಡ ಹುಡುಗರ ಕ್ರಿಕೆಟ್ಟಿಗೆ ಹೋಗುತ್ತದೆ, ಹುಡುಗಿಯರೂ ಚಿಕ್ಕವರೂ ಅಂಚಿಗೆ ಸರಿಯುತ್ತಾರೆ. ಇದನ್ನು ಸ್ವಾತಂತ್ರ್ಯವೆಂದು ಕರೆಯುವುದು ನನಗೆ ಒಪ್ಪಿಗೆಯಿಲ್ಲ.

ಇನ್ನೊಂದು ಆಕ್ಷೇಪ ಸ್ಪರ್ಧೆಯ ಪರವಾದದ್ದು. ಬದುಕಿನಲ್ಲಿ ಸೋಲು ಗೆಲುವು ಇದ್ದದ್ದೇ, ಈಗಲೇ ಅಭ್ಯಾಸವಾಗಲಿ. ಮಕ್ಕಳಿಗೂ ಗೆಲ್ಲುವ ಆಟವೇ ಇಷ್ಟ. ಮೇಲಾಗಿ ಹೋಬಳಿ, ತಾಲ್ಲೂಕು, ಜಿಲ್ಲಾ ಮಟ್ಟದ ಕ್ರೀಡಾಕೂಟಗಳಿಗೆ ತಂಡ ಸಿದ್ಧವಾಗಬೇಡವೇ? ಸ್ಪರ್ಧೆ ಮಕ್ಕಳಿಗೆ ಇಷ್ಟವೆಂಬುದನ್ನು ನಾನು ಅಲ್ಲಗಳೆಯಲಾರೆ. ಗೆಲ್ಲುವ ಸಾಧ್ಯತೆ ಇರುವವರಿಗೆ ಅದು ನಿಜವಾಗಿಯೂ ಇಷ್ಟ. ಆದರೆ ಸೋಲನ್ನು ಸಹಿಸುವ ಶಕ್ತಿ ಬರುವುದು ಸೋತ ಮೇಲೂ ಮತ್ತೆ ಆಡಲು ಸಿಕ್ಕಾಗ. ಸೋತು ಕೂತರೆ ಅಭ್ಯಾಸವಾಗುವುದು ಕೂರುವುದು. ಕಬಡ್ಡಿಯಲ್ಲಿ ಔಟಾದವರು ಮತ್ತೆ ಜೀವ ಪಡೆದು ಕಣಕ್ಕೆ ಬರುತ್ತಾರೆ. ಆ ಒಂದು ನಿಯಮ ಅದನ್ನು ಸಂಗೀತ ಕುರ್ಚಿಗಿಂತ ಎಷ್ಟೋ ಮಾನವೀಯವಾಗಿಸಿದೆ. ಇನ್ನು ಪ್ರತಿಭೆಯ ಮಾತು. ಎಂಟು ವರ್ಷದ ಮಕ್ಕಳಲ್ಲಿ ನಾಳೆಯ ಓಟಗಾರ್ತಿ ಯಾರೆಂದು ಹೇಳುವುದು ಕಷ್ಟ. ವರ್ಷದ ಆರಂಭದಲ್ಲಿ ಹುಟ್ಟಿದವರು ಕೊನೆಯಲ್ಲಿ ಹುಟ್ಟಿದವರಿಗಿಂತ ಬಲಿಷ್ಠರಾಗಿ ಕಾಣುವುದೇ ಆ ವಯಸ್ಸಿನಲ್ಲಿ ಪ್ರತಿಭೆಯೆನಿಸಿಬಿಡುತ್ತದೆ. ಹತ್ತು ಮಂದಿಯನ್ನು ಆರಿಸಿ ಮೂವತ್ತು ಮಂದಿಯನ್ನು ಚಪ್ಪಾಳೆಗೆ ಕೂರಿಸುವ ಶಾಲೆ ಪ್ರತಿಭೆಯ ಕೊಳವನ್ನೇ ಚಿಕ್ಕದು ಮಾಡಿಕೊಳ್ಳುತ್ತದೆ.

ಗಂಭೀರವಾದ ಆಕ್ಷೇಪ ವಿಜ್ಞಾನದ ಕಡೆಯಿಂದಲೇ ಬರುತ್ತದೆ. ಮಕ್ಕಳ ಚಟುವಟಿಕೆ ಹೆಚ್ಚಿಸುವ 30 ಪ್ರಯೋಗಗಳನ್ನು ಪರಿಶೀಲಿಸಿದ ವಿಶ್ಲೇಷಣೆ 2012ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾಯಿತು. ಮಕ್ಕಳ ಸೊಂಟಕ್ಕೆ ಕಟ್ಟಿದ ಚಲನಮಾಪಕಗಳ ಪ್ರಕಾರ ಸಿಕ್ಕ ಲಾಭ ದಿನಕ್ಕೆ ಸುಮಾರು 4 ನಿಮಿಷದ ನಡಿಗೆ ಅಥವಾ ಓಟ. ಅಷ್ಟೊಂದು ಶ್ರಮಕ್ಕೆ ಇಷ್ಟೇ ಫಲವೇ? ಈ ಅಂಕಿಯನ್ನು ಮರೆಮಾಚಬಾರದು. ಆದರೆ ಆ ಪ್ರಯೋಗಗಳು ಹೆಚ್ಚಾಗಿ ಅಳೆದದ್ದು ನಿಮಿಷಗಳನ್ನು; ಕೌಶಲ, ಸಂತೋಷ, ಮುಂದಿನ ವರ್ಷಗಳಲ್ಲಿ ಆಟದಲ್ಲಿ ಉಳಿಯುವುದು ಇವು ಆ ಲೆಕ್ಕದ ಹೊರಗಿದ್ದವು. ಸ್ಕಾಟ್ಲೆಂಡಿನ ಸ್ಟರ್ಲಿಂಗ್‌ನಲ್ಲಿ 2012ರಲ್ಲಿ ಇಲೇನ್ ವಾಯ್ಲಿ ಎಂಬ ಮುಖ್ಯೋಪಾಧ್ಯಾಯಿನಿ ಶುರುಮಾಡಿದ ‘ಡೈಲಿ ಮೈಲ್’ ಇಲ್ಲಿ ಎರಡೂ ಬಗೆಯ ಪಾಠ ಹೇಳುತ್ತದೆ. ದಿನಕ್ಕೆ 15 ನಿಮಿಷ, ಹಾಕಿದ ಬಟ್ಟೆಯಲ್ಲೇ, ಓಡುತ್ತಲೋ ನಡೆಯುತ್ತಲೋ, ಗೆಳತಿಯ ಜೊತೆ ಮಾತಾಡುತ್ತಲೋ ತಮ್ಮ ವೇಗದಲ್ಲಿ ಸುತ್ತುವುದು; ಗೆಲ್ಲುವವರಿಲ್ಲ. ಸ್ಟರ್ಲಿಂಗ್‌ನ ಎರಡು ಶಾಲೆಗಳನ್ನು ಹೋಲಿಸಿದ 2018ರ ಅಧ್ಯಯನದಲ್ಲಿ ಅದನ್ನು ಅಳವಡಿಸಿಕೊಂಡ ಶಾಲೆಯ ಮಕ್ಕಳ ಚುರುಕಿನ ಚಟುವಟಿಕೆ ದಿನಕ್ಕೆ ಸುಮಾರು 9 ನಿಮಿಷ ಹೆಚ್ಚಿತ್ತು. ಬರ್ಮಿಂಗ್‌ಹ್ಯಾಮ್‌ನ 40 ಶಾಲೆಗಳ ಪ್ರಯೋಗದಲ್ಲಿ ಮಾತ್ರ ತೂಕದ ಮೇಲೆ ಒಟ್ಟಾರೆ ಗಣನೀಯ ಪರಿಣಾಮ ಕಾಣಲಿಲ್ಲ. ತೂಕ ಇಳಿಸುವ ಭರವಸೆ ಕೊಟ್ಟು ಆಟ ಆಡಿಸುವುದೇ ತಪ್ಪೆಂದು ನನ್ನ ನಿಲುವು. ದಪ್ಪಗಿರುವ ಮಗುವಿಗೆ ‘ಕರಗಬೇಕು, ಓಡು’ ಎಂದ ಕ್ಷಣ ಓಟ ಚಿಕಿತ್ಸೆಯಾಗಿಬಿಡುತ್ತದೆ.

ಕರ್ನಾಟಕದ ಮಟ್ಟಿಗೆ ಉಳಿದಿರುವ ಪ್ರಶ್ನೆ, ಇದನ್ನೆಲ್ಲ ಮಾಡುವವರು ಯಾರು ಎಂಬುದು. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿ ಪ್ರತಿ ಶಾಲೆಗೂ ಆಟದ ಮೈದಾನ, ಆಟದ ಸಾಮಗ್ರಿ ಇರಬೇಕೆನ್ನುತ್ತದೆ. ಆದರೆ ದೈಹಿಕ ಶಿಕ್ಷಣಕ್ಕೆ ಅರೆಕಾಲಿಕ ಬೋಧಕರನ್ನು ಅದು ಹೇಳಿರುವುದು 6ರಿಂದ 8ನೇ ತರಗತಿಗೆ, ಅದೂ ನೂರಕ್ಕಿಂತ ಹೆಚ್ಚು ಮಕ್ಕಳಿದ್ದರೆ. ಸುರುಳಿ ಮೇಲ್ಮುಖವಾಗಿ ತಿರುಗಬೇಕಾದ ಒಂದರಿಂದ ಐದನೆಯ ತರಗತಿಗಳ ಮಟ್ಟಿಗೆ ಕಾಯ್ದೆಯಲ್ಲಿ ಆ ಬಗ್ಗೆ ಮಾತಿಲ್ಲ. ಕಾಯ್ದೆ ಬದಲಾಗಬೇಕು; ಅಲ್ಲಿಯ ತನಕ ಕಿರಿಯ ಪ್ರಾಥಮಿಕ ಶಾಲೆಯಲ್ಲಿ ಈ ಕೆಲಸ ನಲಿ-ಕಲಿ ಕಲಿಸುವ ತರಗತಿ ಶಿಕ್ಷಕಿಯದೇ. ಅವರಿಗೆ ಇದು ಹೊಸ ಹೊರೆಯಾಗಬೇಕಿಲ್ಲ. ಒಂದೊಂದು ಮಗು ತನ್ನ ವೇಗದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಏರುವುದೇ ನಲಿ-ಕಲಿಯ ಪದ್ಧತಿ. ಅಕ್ಷರ, ಅಂಕಿಗಳಿಗೆ ಅವರು ದಿನವೂ ಮಾಡುತ್ತಿರುವುದನ್ನು ಎಸೆತಕ್ಕೂ ನೆಗೆತಕ್ಕೂ ವಿಸ್ತರಿಸಿದರೆ ಆಯಿತು. ಹಳೆಯ ಬಟ್ಟೆ ಸುತ್ತಿ ದಾರ ಬಿಗಿದ ಚೆಂಡುಗಳು ಇಪ್ಪತ್ತು ಇದ್ದರೆ ಇಬ್ಬಿಬ್ಬರಿಗೆ ಒಂದು ಸಿಗುತ್ತದೆ. ಮೆತ್ತಗಿನ ಚೆಂಡಿಗೆ ಹೆದರುವ ಮಗುವೂ ಹೆದರುವುದಿಲ್ಲ.

ತಾವು ಮಾಡಿದ್ದು ಫಲಿಸುತ್ತಿದೆಯೇ ಎಂದು ತಿಳಿಯಲು ಅವರಿಗೆ ಯಂತ್ರವೂ ಬೇಕಿಲ್ಲ. ಅಮೆರಿಕದ ಥಾಮಸ್ ಮೆಕೆಂಜಿ ಮತ್ತು ಸಂಗಡಿಗರು 1991ರಲ್ಲಿ ರೂಪಿಸಿದ ವೀಕ್ಷಣಾ ಕ್ರಮದಲ್ಲಿ ವೀಕ್ಷಕರು ಒಂದು ಮಗುವನ್ನು 10 ಸೆಕೆಂಡು ನೋಡಿ, ಮುಂದಿನ 10 ಸೆಕೆಂಡಿನಲ್ಲಿ ಅದು ಮಲಗಿತ್ತೋ, ಕುಳಿತಿತ್ತೋ, ನಿಂತಿತ್ತೋ, ನಡೆಯುತ್ತಿತ್ತೋ, ಅದಕ್ಕೂ ಜೋರಾಗಿ ಚಲಿಸುತ್ತಿತ್ತೋ ಎಂದು ಬರೆದುಕೊಳ್ಳುತ್ತಾರೆ. ಇದನ್ನು ಸರಳಗೊಳಿಸಿ ತರಗತಿಯ ಅತ್ಯಂತ ಹಿಂಜರಿಯುವ ಮಗುವಿಗೆ ಅನ್ವಯಿಸಬಹುದು. ಹತ್ತು ನಿಮಿಷದ ಆಟದಲ್ಲಿ ಆ ಮಗುವಿನ ಕೈಗೆ ಚೆಂಡು ಎಷ್ಟು ಸಲ ಬಂತು, ಕಾಲು ಎಷ್ಟು ಸಲ ನೆಲ ಬಿಟ್ಟಿತು, ಎಷ್ಟು ಹೊತ್ತು ಕಾದು ನಿಂತಿತು? ತರಗತಿಯ ಸರಾಸರಿ ತೆಗೆಯಬಾರದು. ಸರಾಸರಿಯಲ್ಲಿ ಈ ಮಗು ಕಳೆದುಹೋಗುತ್ತದೆ. ಚೆಂಡು ಎರಡೇ ಸಲ ಬಂದಿದ್ದರೆ ಮುಂದಿನ ವಾರ ಎಂಟು ಮಂದಿಯ ಗುಂಪನ್ನು ನಾಲ್ಕಕ್ಕೆ ಇಳಿಸಬೇಕು, ಆಗಲೂ ಬಾರದಿದ್ದರೆ ಎರಡಕ್ಕೆ.